ಬಾಯಿ ತೆರೆಯುವುದು ಕೂಸಿನ ಕೆಲಸ

ಉಣ್ಣುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲವೆಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಮಗುವಿಗೆ ನಡಿಗೆ ಕಲಿಸುತ್ತೇವೆ, ಮಾತು ಕಲಿಸುತ್ತೇವೆ. ಅಕ್ಷರ ಕಲಿಸುವುದನ್ನಂತೂ ನಾನು 33 ವರ್ಷ ಹೊಟ್ಟೆಪಾಡಿಗಾಗಿಯೇ ಮಾಡಿದ್ದೇನೆ. ಊಟವೊಂದು ಮಾತ್ರ ಹಸಿವಿನ ಬೆನ್ನಿಗೆ ತಾನಾಗಿ ಬರುವ ವಿದ್ಯೆ ಎಂಬುದು ನಮ್ಮ ಎಣಿಕೆ. "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಎಂಬ ಗಾದೆಯನ್ನು ನಿಮ್ಮಲ್ಲಿ ಎಷ್ಟೋ ಮಂದಿಯಿಂದ ನಾನು ವಿಸ್ತರಿಸಿ ಬರೆಯಿಸಿದ್ದೇನೆ. ಆದರೆ ಹಸಿವನ್ನೇ ಕಾಣದೆ ಬೆಳೆದ ಕೂಸಿನ ವಿಷಯದಲ್ಲಿ ಆ ಗಾದೆ ಮೌನವಾಗಿರುತ್ತದೆ. ಅಂಥದೊಂದು ಕೂಸು ಈಗ ನಮ್ಮ ಮನೆಯಂಗಳದಲ್ಲಿಯೇ ಆಡುತ್ತಿದೆ. ಬಂಧುಗಳಲ್ಲಿ ಹಲವರಿಗೆ ಅರ್ಧಂಬರ್ಧ ಸುದ್ದಿ ಮುಟ್ಟಿರುವುದರಿಂದಲೂ, ಮುಟ್ಟಿದಷ್ಟಕ್ಕೆ ಸಲಹೆಗಳು ಧಾರಾಳವಾಗಿ ಬರುತ್ತಿರುವುದರಿಂದಲೂ ನನ್ನ ಅಭಿಪ್ರಾಯವನ್ನು ಬಿಡಿಸಿ ಬರೆಯುವುದು ಒಳ್ಳೆಯದೆನಿಸಿತು.

ನನ್ನ ತಂಗಿಯ ಮಗಳಿಗೆ ಹುಟ್ಟಿದ ಹೆಣ್ಣು ಕೂಸು ಅದು. ಹುಟ್ಟಿದ ದಿನವೇ ಬಾಯಲ್ಲಿ ನೊರೆ ತುಂಬಿಕೊಂಡು, ಹಾಕಿದ ಮೊದಲ ಗುಟುಕು ಹಾಲು ಕೆಮ್ಮಿನೊಡನೆ ಹೊರಬಂದಿತು. ಅನ್ನನಾಳ ಮೇಲಿನಿಂದ ಸ್ವಲ್ಪ ದೂರ ಇಳಿದು ಅಲ್ಲಿಯೇ ಮುಚ್ಚಿಕೊಂಡಿತ್ತು. ಕೆಳಗಿನ ತುಂಡು ಬೇರೆಯೇ ಇತ್ತು. ಸುಮಾರು 2500ರಿಂದ 4500 ಹೆರಿಗೆಗಳಿಗೆ ಒಂದರಂತೆ ಕಾಣಿಸುವ ಜನ್ಮದೋಷವಿದು. ಗ್ರಹಣಕ್ಕೂ ಬಸುರಿ ತಿಂದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಆ ಮಾತೂ ಆಡಲ್ಪಟ್ಟಿದೆ. ಒಂದು ಕಾಲಕ್ಕೆ ಇಂಥ ಕೂಸುಗಳು ಉಳಿಯುತ್ತಲೇ ಇರಲಿಲ್ಲ. ಎರಡು ತುದಿಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ನೇರವಾಗಿ ಕೂಡಿಸಿ ಮಗುವನ್ನು ಉಳಿಸುವ ಕೆಲಸ ಮೊದಲು ಕೈಗೂಡಿದ್ದು 1941ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ ಕ್ಯಾಮರಾನ್ ಹೇಯ್ಟ್ ಎಂಬ ವೈದ್ಯರಿಂದ. ನಮ್ಮ ಕೂಸಿಗೆ ತುದಿಗಳ ನಡುವಿನ ಅಂತರ ಹೆಚ್ಚಾಗಿದ್ದುದರಿಂದ ಆಗಲೇ ಕೂಡಿಸಲಾಗಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಟ್ಟೆಗೆ ಒಂದು ನಳಿಕೆ ಇಟ್ಟರು. ಎಂಜಲು ಶ್ವಾಸಕೋಶಕ್ಕೆ ಇಳಿಯದಿರಲೆಂದು ಮೇಲಿನ ತುಂಡಿನ ಬಾಯನ್ನು ಕುತ್ತಿಗೆಯ ಎಡಬದಿಗೆ ತೆರೆದರು. 14ನೆಯ ತಿಂಗಳಲ್ಲಿ ದೊಡ್ಡ ಕರುಳಿನ ಒಂದು ತುಂಡನ್ನು ತೆಗೆದು ಅನ್ನನಾಳದ ಜಾಗಕ್ಕೆ ಜೋಡಿಸಿದರು. ಗಾಯ ಮಾಯಿತು. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದು ನೋಡಿ, "ದಾರಿ ಸರಿಯಾಗಿದೆ, ಇನ್ನು ಬಾಯಲ್ಲಿ ತಿನ್ನಿಸಿ" ಎಂದು ಹೇಳಿ ಕಳುಹಿಸಿದರು.

ದಾರಿ ಸರಿಯಾಗಿತ್ತು, ನಿಜ. ಆ ದಾರಿಯಲ್ಲಿ ನಡೆಯಲು ಕೂಸು ಒಪ್ಪಲಿಲ್ಲ.

ಮುಂದೆ ಹೋಗುವ ಮೊದಲು ನಳಿಕೆಯ ಬಗ್ಗೆ ಒಂದು ಮಾತು. ಅದನ್ನು ಕಂಡವರೆಲ್ಲ ಮುಖ ಸಿಂಡರಿಸುವುದನ್ನು ನೋಡಿ ನನಗೆ ಬೇಸರವಾಗಿದೆ. ಮೂಗಿನಿಂದ ಹೊಟ್ಟೆಗಿಳಿಯುವ ನಳಿಕೆಯನ್ನು ನಮ್ಮ ಕಡೆಯವರು ಆಸ್ಪತ್ರೆಯಲ್ಲಿ ಕೇಳಿ ಕೇಳಿ 'ರೈಲ್ ಟ್ಯೂಬ್' ಎನ್ನುತ್ತಾರೆ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಈ ರೈಲು ಅದಕ್ಕೆ ಬಹಳ ಮೊದಲೇ ಬಂದಿತ್ತು! ಅದು ರೈಲಲ್ಲ, 1921ರಲ್ಲಿ ಆ ನಳಿಕೆಯನ್ನು ಬಳಕೆಗೆ ತಂದ ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರ ಹೆಸರು. ಹೊಟ್ಟೆಗೆ ನೇರವಾಗಿ ಇಡುವ ನಳಿಕೆಯನ್ನು ದೊಡ್ಡ ಕೊಯ್ತವಿಲ್ಲದೆ, ದರ್ಶಕದ ಸಹಾಯದಿಂದ ಇಡುವ ವಿಧಾನವನ್ನು 1979ರಲ್ಲಿ ಕ್ಲೀವ್‌ಲ್ಯಾಂಡಿನ ಗಾಡೆರರ್ ಮತ್ತು ಪೊನ್ಸ್ಕಿ ಎಂಬ ಇಬ್ಬರು ವೈದ್ಯರು ರೂಪಿಸಿದರು. ಅವರು ಅದನ್ನು ಮೊದಲು ಮಾಡಿದ್ದೂ ಒಂದು ಎಳೆಯ ಕೂಸಿಗೇ. ಈ ನಳಿಕೆಗಳಿಲ್ಲದಿದ್ದರೆ ನಮ್ಮ ಅಂಗಳದಲ್ಲಿ ಇಂದು ಆಡಲು ಕೂಸೇ ಇರುತ್ತಿರಲಿಲ್ಲ. ಅದು ಕೂಸಿನ ಶತ್ರುವಲ್ಲ. ಆದರೆ ಅದು ಹೊಟ್ಟೆಯನ್ನು ತುಂಬುತ್ತದೆಯೇ ಹೊರತು ಬಾಯಿಗೆ ಏನನ್ನೂ ಕಲಿಸುವುದಿಲ್ಲ.

ಬಾಯಿ ಕಲಿಯುವುದಾದರೂ ಏನನ್ನು? ಐದಾರು ತಿಂಗಳ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದನ್ನು ನೋಡಿದ್ದೀರಿ. ಅದು ಕೊಳಕು ಚಟವಲ್ಲ, ಅಭ್ಯಾಸ. ಹುಟ್ಟುವಾಗ ಕೂಸಿಗೆ ನಾಲಗೆಯ ಮುಂಭಾಗಕ್ಕೆ ಏನು ತಾಕಿದರೂ ಓಕರಿಕೆ ಬರುತ್ತದೆ. ತನ್ನ ಬೆರಳು, ಅವ್ವನ ಸೆರಗು, ಮರದ ಗಿಲಕಿ ಎಲ್ಲವನ್ನೂ ಕಚ್ಚಿ ಚೀಪುತ್ತ ಚೀಪುತ್ತ ಆ ಓಕರಿಕೆಯ ಗಡಿ ಹಿಂದಕ್ಕೆ ಸರಿಯುತ್ತದೆ. ನಾಲಗೆ ತುತ್ತನ್ನು ದವಡೆಯ ಕಡೆಗೆ ತಳ್ಳುವುದನ್ನು, ಜಗಿದದ್ದನ್ನು ಒಟ್ಟುಮಾಡಿ ಹಿಂದಕ್ಕೆ ಸಾಗಿಸುವುದನ್ನು ಕಲಿಯುತ್ತದೆ. ಇದಕ್ಕೊಂದು ಹದವಾದ ಕಾಲವಿದೆ, ಆ ಕಾಲದಲ್ಲಿ ಗಟ್ಟಿ ಆಹಾರದ ಪರಿಚಯವಾಗದಿದ್ದರೆ ಆಮೇಲೆ ಕಲಿಸುವುದು ಬಲು ಕಷ್ಟವಾಗುತ್ತದೆ ಎಂದು ಇಂಗ್ಲೆಂಡಿನ ಶೆಫೀಲ್ಡಿನ ಮಕ್ಕಳ ವೈದ್ಯ ಇಲಿಂಗ್‌ವರ್ತ್, ತಮ್ಮ ಸಹೋದ್ಯೋಗಿ ಲಿಸ್ಟರ್ ಜೊತೆಗೂಡಿ 1964ರಲ್ಲಿಯೇ ಬರೆದಿದ್ದಾರೆ. ಹದ ಮೀರಿದ ಹೊಲದಲ್ಲಿ ಬಿತ್ತಿದಂತೆ. ಬೆಳೆ ಬರುವುದೇ ಇಲ್ಲವೆಂದಲ್ಲ, ದುಡಿಮೆ ಮೂರುಪಟ್ಟು.

ನಮ್ಮ ಕೂಸಿಗೆ ಆ ಹದಿನಾಲ್ಕು ತಿಂಗಳು ಬಾಯಿಯೆಂದರೆ ಎಂಜಲು ಎಳೆಯುವ ಯಂತ್ರದ ನಳಿಕೆ ತೂರುವ ಜಾಗ, ಔಷಧ ಒರೆಸುವ ಜಾಗ. ಹಸಿವೆಂದರೇನೆಂದೂ ಅದಕ್ಕೆ ತಿಳಿಯದು. ಮೂರು ಗಂಟೆಗೊಮ್ಮೆ, ಅತ್ತರೂ ಅಳದಿದ್ದರೂ, ಎಚ್ಚರವಿದ್ದರೂ ನಿದ್ದೆಯಲ್ಲಿದ್ದರೂ, ದೊಡ್ಡ ಸಿರಿಂಜನ್ನು ಎತ್ತಿ ಹಿಡಿದರೆ ಹಾಲು ತಾನಾಗಿ ಇಳಿದು ಹೊಟ್ಟೆ ತುಂಬುತ್ತಿತ್ತು. ಬಾಯಿಗೂ ಹೊಟ್ಟೆಗೂ ಸಂಬಂಧವಿದೆಯೆಂದು ಆ ಕೂಸು ಹೇಗೆ ಊಹಿಸಬೇಕು?

ಇದಕ್ಕೆ ಒಂದು ಉಪಾಯವಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕುತ್ತಿಗೆಯಲ್ಲಿ ಹೀಗೆ ತೆರೆದ ಕೂಸುಗಳಿಗೆ, ನಳಿಕೆಯಲ್ಲಿ ಹಾಲು ಹಾಕುವ ಹೊತ್ತಿಗೇ ಬಾಯಲ್ಲಿಯೂ ಸ್ವಲ್ಪ ಹಾಲು, ಗಂಜಿತಿಳಿ ಕುಡಿಸುತ್ತಾರೆ. ಬಾಯಲ್ಲಿ ಕುಡಿದದ್ದು ಕುತ್ತಿಗೆಯ ತೆರಪಿನಿಂದ ಹೊರಬಂದು ಬಟ್ಟೆಗೆ ಹೋಗುತ್ತದೆ. ನೋಡುವವರಿಗೆ ಇದು ವ್ಯರ್ಥ ಕೆಲಸ, ಹಾಲು ಚೆಲ್ಲುವ ಕೆಲಸ. ಆದರೆ ಕೂಸಿನ ನಾಲಗೆ ರುಚಿಯನ್ನು ಅರಿಯುತ್ತದೆ, ಗಂಟಲು ನುಂಗುವುದನ್ನು ಮರೆಯುವುದಿಲ್ಲ, ಹೊಟ್ಟೆ ತುಂಬುವುದಕ್ಕೂ ಬಾಯಿ ಆಡುವುದಕ್ಕೂ ನಂಟು ಬೆಳೆಯುತ್ತದೆ. ದಶಕಗಳಿಂದ ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿಯಿದು. ನಮ್ಮ ಹುಡುಗಿಗೆ ಆಸ್ಪತ್ರೆಯವರು ನಳಿಕೆ ತೊಳೆಯುವುದನ್ನು ಕಲಿಸಿದರು, ಗಾಯ ಒರೆಸುವುದನ್ನು ಕಲಿಸಿದರು, ಹಾಲಿನ ಲೆಕ್ಕ ಬರೆಸಿದರು. ಇದೊಂದನ್ನು ಯಾರೂ ಹೇಳಲಿಲ್ಲ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಜೀವ ಉಳಿಸಿದ ಕೈಗಳವು. ಹಾಸಿಗೆಗೆ ಎರಡು ಕೂಸು ಮಲಗಿಸಿಕೊಂಡು ದುಡಿಯುವವರಿಗೆ ಕೂತು ಮಾತನಾಡುವ ವ್ಯವಧಾನ ಎಲ್ಲಿಂದ ಬರಬೇಕು ಎಂದೂ ಕೇಳಬಹುದು. ಆದರೂ ಹೇಳುತ್ತೇನೆ: ಐದು ನಿಮಿಷದ ಆ ಮಾತು ಮನೆಯವರಿಗೆ ಒಂದು ವರ್ಷದ ಕಣ್ಣೀರನ್ನು ಉಳಿಸುತ್ತಿತ್ತು.

ಊರಿಗೆ ಬಂದ ಮೇಲಿನ ಮೊದಲ ಕೆಲವು ತಿಂಗಳು ಮನೆ ಮನೆಯಾಗಿರಲಿಲ್ಲ. ನನ್ನ ತಂಗಿ ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು, ಕೂಸಿನ ಆರೈಕೆಯಲ್ಲಿ ಊರಿಗೇ ಹೆಸರಾದವಳು. ಅವಳಿಗೆ ತಿಳಿದ ವಿದ್ಯೆಯೆಂದರೆ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಕೈಗಳನ್ನು ಒತ್ತಿ ಹಿಡಿದು ಒಳಲೆಯಿಂದ ಸುರಿಯುವುದು. ಅತ್ತಾಗ ಬಾಯಿ ತೆರೆದೇ ತೆರೆಯುತ್ತದಲ್ಲ! ಅವಳಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. "ಯಣ್ಣಾ, ಹಿಂಗ ಬಿಟ್ರ ಕೂಸು ಉಳಿತೈತೇನು? ನೀ ಏನರ ಅನ್ನು, ನಾ ಹಾಕಾಕಿನ" ಎನ್ನುತ್ತಿದ್ದಳು. ಅವಳ ಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಕೆಲವೇ ದಿನಗಳಲ್ಲಿ ಒಳಲೆ ಗೂಡಿನಿಂದ ಇಳಿಯುವ ಸದ್ದಿಗೇ ಕೂಸು ಓಕರಿಸತೊಡಗಿತು.

ಒಳಲೆಯ ಮೇಲೆ ನನಗೆ ಸಿಟ್ಟಿಲ್ಲ. ದಿನ ತುಂಬದೆ ಹುಟ್ಟಿದ, ಮೊಲೆ ಚೀಪಲು ಶಕ್ತಿಯಿಲ್ಲದ ಕೂಸುಗಳಿಗೆ ನಮ್ಮ ದೇಶದ ನವಜಾತ ಶಿಶು ಘಟಕಗಳಲ್ಲಿ ಇಂದಿಗೂ ಒಳಲೆಯಲ್ಲಿಯೇ ತಾಯಿಹಾಲು ಕುಡಿಸುತ್ತಾರೆ. ಬಾಟಲಿಗಿಂತ ಅದೇ ಲೇಸೆಂದು ಹೇಳುತ್ತಾರೆ. ಅಲ್ಲಿ ಕೂಸನ್ನು ಅರ್ಧ ಎತ್ತಿ ಕೂಡಿಸಿ, ತುಟಿಯಂಚಿಗೆ ಹನಿ ಹನಿಯಾಗಿ ತಾಕಿಸಿ, ಒಂದು ಗುಟುಕು ನುಂಗಿದ್ದನ್ನು ನೋಡಿ ಇನ್ನೊಂದು ಕೊಡುತ್ತಾರೆ. ಒಳಲೆ ಅದೇ, ಹಿಡಿಯುವ ಕೈ ಬೇರೆ. ನಮ್ಮ ಅಜ್ಜಿಯರಲ್ಲಿಯೂ ಹಾಗೆ ಕುಡಿಸಬಲ್ಲವರಿದ್ದರು.

ಉಣ್ಣಿಸುವ ಬಗೆಯೂ ಕೂಸಿನೊಳಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯುಂಟು. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಜಾರ್ಜ್ ಎಂಗೆಲ್ ಮತ್ತು ಫ್ರಾಂಜ್ ರೈಕ್ಸ್‌ಮನ್ ಎಂಬ ವೈದ್ಯರು 1950ರ ದಶಕದಲ್ಲಿ, ನಮ್ಮ ಕೂಸಿನಂತೆಯೇ ಅನ್ನನಾಳವಿಲ್ಲದೆ ಹುಟ್ಟಿ ಹೊಟ್ಟೆಯ ತೆರಪಿನಿಂದಲೇ ಹಾಲು ಪಡೆಯುತ್ತಿದ್ದ ಒಂದು ಹೆಣ್ಣು ಮಗುವನ್ನು ಅಭ್ಯಸಿಸಿದರು. ತಮ್ಮ ಬರಹಗಳಲ್ಲಿ ಅವಳನ್ನು 'ಮೋನಿಕಾ' ಎಂದು ಕರೆದರು. ಅವಳಿಗೆ ಹಾಲು ಹಾಕುವಾಗ ಯಾರೂ ಎದೆಗವಚಿಕೊಳ್ಳುತ್ತಿರಲಿಲ್ಲ. ಅಂಗಾತ ಮಲಗಿಸಿ ಹಾಕುತ್ತಿದ್ದರು. ಮುಂದೆ ಶಸ್ತ್ರಚಿಕಿತ್ಸೆಯಾಗಿ ಅವಳು ಎಲ್ಲರಂತೆ ಉಂಡು ಬೆಳೆದಳು, ಮದುವೆಯಾದಳು, ತಾಯಿಯಾದಳು. ಆ ವೈದ್ಯರು ಇಪ್ಪತ್ತೈದು ವರ್ಷ ಅವಳ ಜಾಡು ಬಿಡಲಿಲ್ಲ. ಚಿಕ್ಕವಳಿದ್ದಾಗ ಗೊಂಬೆಗೆ ಉಣ್ಣಿಸುವಾಗಲೂ, ದೊಡ್ಡವಳಾಗಿ ತನ್ನ ಕೂಸುಗಳಿಗೆ ಬಾಟಲಿ ಹಿಡಿಯುವಾಗಲೂ ಅವಳು ಅವನ್ನು ತೋಳಿನಲ್ಲಿ ಅವಚದೆ ತೊಡೆಯ ಮೇಲೆ ದೂರಕ್ಕೆ ಮಲಗಿಸಿಯೇ ಕುಡಿಸುತ್ತಿದ್ದಳಂತೆ. ಅವಳಿಗೆ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ನೆನಪಿಲ್ಲದ ವಯಸ್ಸಿನ ಪಾಠವದು. ಈ ಸಂಗತಿಯನ್ನು ಓದಿದ ದಿನ ನಾನು ನನ್ನ ತಂಗಿಯನ್ನು ಕೂಡಿಸಿಕೊಂಡು ಕಥೆಯಂತೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಾವು ಇಕಿಗೆ ಏನು ಕಲಸಾಕತ್ತೀವಿ?" ಎಂದಳು. ಆ ಪ್ರಶ್ನೆ ಅವಳದೇ.

ದಾರಿ ತೋರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಬೆಂಗಳೂರಿನಲ್ಲಿ ಶುಶ್ರೂಷಕಿಯಾಗಿದ್ದಾಳೆ. ಏಳನೆಯ ತರಗತಿಯಲ್ಲಿ ಭಿನ್ನರಾಶಿಗೆ ಅಂಜುತ್ತಿದ್ದವಳು ಇಂದು ಔಷಧದ ಪ್ರಮಾಣವನ್ನು ಬೆರಳ ತುದಿಯಲ್ಲಿ ಎಣಿಸುತ್ತಾಳೆ. "ಸಾರ್, ನುಂಗುವುದನ್ನು ಕಲಿಸುವವರೇ ಬೇರೆ ಇರ್ತಾರೆ" ಎಂದಳು. ಮಾತು ಬಾರದವರಿಗೆ ಮಾತು ಕಲಿಸುವ ಚಿಕಿತ್ಸಕರೇ ನುಂಗಲಾರದವರಿಗೂ ಚಿಕಿತ್ಸೆ ಕೊಡುತ್ತಾರೆ. ನಾಲಗೆ ಒಂದೇ ಅಲ್ಲವೇ! 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಕಿವಿ ಕೇಳಿಸದ ಮಕ್ಕಳಿಗೆಂದು ನಾವು ಅಲ್ಲಿಗೆ ಚೀಟಿ ಬರೆದುಕೊಡುತ್ತಿದ್ದೆವು. ಅಲ್ಲಿ ಕಲಿತವರು ಈ ವಿದ್ಯೆಯನ್ನೂ ಬಲ್ಲರೆಂಬುದು ನಮ್ಮ ಸೀಮೆಯಲ್ಲಿ ಎಷ್ಟು ಮಂದಿಗೆ ಗೊತ್ತು?

ಆ ಹುಡುಗಿ ಹುಡುಕಿಕೊಟ್ಟ ಚಿಕಿತ್ಸಕಿ ಮೊದಲು ಹೇಳಿದ್ದು ನಮ್ಮನ್ನೆಲ್ಲ ದಿಗಿಲುಗೊಳಿಸಿತು. ಒಂದು ತಿಂಗಳು ಬಾಯಿಗೆ ಏನನ್ನೂ ಕೊಡಬೇಡಿ ಎಂದರು. ಚಮಚವನ್ನು ಕಣ್ಣಿಗೂ ತೋರಿಸಬೇಡಿ. ನಳಿಕೆಯಲ್ಲಿ ಹಾಕುವುದನ್ನು ಹಾಕಿ. ಆದರೆ ಕತ್ತಲೆಯ ಕೋಣೆಯಲ್ಲಲ್ಲ, ಮನೆಮಂದಿ ಉಣ್ಣುವ ಹೊತ್ತಿಗೆ, ಉಣ್ಣುವ ಜಾಗದಲ್ಲಿ, ತೊಡೆಯ ಮೇಲೆ ಕೂಡಿಸಿಕೊಂಡು ಹಾಕಿ. ಕೈ ಮೊದಲು ಕಲಿಯಲಿ, ಆಮೇಲೆ ಮುಖ, ಬಾಯಿ ಕೊನೆಗೆ.

ಹಾಗೆ ಕೂಸು ರೊಟ್ಟಿ ಬಡಿಯುವ ಜಾಗಕ್ಕೆ ಬಂದಿತು. ಹಿಟ್ಟನ್ನು ಮುಟ್ಟಿದರೆ ಮೊದಲು ಕೈ ಝಾಡಿಸಿ ಅಳುತ್ತಿತ್ತು. ಅಂಟುವುದೆಲ್ಲ ಅದಕ್ಕೆ ಔಷಧದ ಪಟ್ಟಿಯೇ. ಒಂದು ವಾರ ಒಣ ಹಿಟ್ಟಿನಲ್ಲಿ ಗೆರೆ ಎಳೆಯುವ ಆಟ. ನಾನೇ ಬೆರಳು ಹಿಡಿದು ಎಳೆಯಿಸಿದೆ. ಹಿಟ್ಟಿನ ಮೇಲೆ 'ಅ' ಬರೆಯಿಸುವ ಆಸೆ ಯಾವ ಮಾಸ್ತರನನ್ನು ಬಿಟ್ಟೀತು! ಆಮೇಲೆ ಒದ್ದೆ ಹಿಟ್ಟು. ಅವ್ವ ಬಡಿದಂತೆ ತಾನೂ ಅಂಗೈಯಗಲದ ರೊಟ್ಟಿ ಬಡಿಯಿತು. ಅದನ್ನು ಬೇಯಿಸಿ, ಅದರ ಕೈಯಿಂದಲೇ ನಮಗೆಲ್ಲ ಹಂಚಿಸಿದರು. ಉಣ್ಣದ ಕೂಸು ಊರಿಗೆ ಉಣಬಡಿಸಿತು. ನನ್ನ ಬಾಯಿಗೆ ಅದು ರೊಟ್ಟಿಚೂರು ಇಟ್ಟಾಗ ನಾನು ಜಗಿಯುವುದನ್ನು ಅದು ಎಂಥ ಶ್ರದ್ಧೆಯಿಂದ ನೋಡುತ್ತಿತ್ತೆಂದರೆ, ಅಂಥ ಶ್ರದ್ಧೆಯ ವಿದ್ಯಾರ್ಥಿ ನನಗೆ ತರಗತಿಯಲ್ಲಿ ಸಿಕ್ಕಿದ್ದು ಕಡಿಮೆ.

ಮೊದಲು ಅದರ ಬಾಯಿಗೆ ಹೋದದ್ದು ಯಾವುದೆಂದು ಊಹಿಸಬಲ್ಲಿರಾ? ತಂಗಿ ಕಾಯಿಸಿಟ್ಟ ಬೆಲ್ಲದ ಗಂಜಿಯಲ್ಲ, ಪೇಟೆಯಿಂದ ತಂದ ಡಬ್ಬಿಯ ಪುಡಿಯಲ್ಲ. ಪುಂಡಿಪಲ್ಯ! ತಟ್ಟೆಯಲ್ಲಿ ಕೈಯಾಡಿಸುತ್ತಿದ್ದ ಕೂಸು ಹುಳಿ ಹತ್ತಿದ ಬೆರಳನ್ನು ತುಟಿಗೆ ಒರೆಸಿಕೊಂಡು ಮುಖ ಕಿವುಚಿತು. ನಾವು ಉಸಿರು ಬಿಗಿಹಿಡಿದೆವು. ಮತ್ತೆ ಬೆರಳದ್ದಿ ಮತ್ತೆ ಒರೆಸಿಕೊಂಡಿತು. ಸಪ್ಪೆಯಾದದ್ದು ಬಾಯಲ್ಲಿದೆಯೋ ಇಲ್ಲವೋ ಅಭ್ಯಾಸವಿಲ್ಲದ ನಾಲಗೆಗೆ ತಿಳಿಯುವುದಿಲ್ಲ, ಹುಳಿ ಉಪ್ಪುಗಳು ಅದನ್ನು ಎಬ್ಬಿಸುತ್ತವೆ ಎಂದು ಚಿಕಿತ್ಸಕಿ ಆಮೇಲೆ ವಿವರಿಸಿದರು. ಯಾರೂ ಚಪ್ಪಾಳೆ ತಟ್ಟಬಾರದೆಂದು ಮೊದಲೇ ತಾಕೀತಾಗಿತ್ತು. ಹೊಗಳಿಕೆಯೂ ಒಂದು ಬಗೆಯ ಒತ್ತಾಯವೇ. ನನ್ನ ತಂಗಿ ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದಳು.

ಮುಂದಿನದು ಹಸಿವಿನ ಪಾಠ. ಆಸ್ಟ್ರಿಯಾ ದೇಶದ ಗ್ರಾಜ್ ನಗರದ ವೈದ್ಯ ದಂಪತಿ ಮಾರ್ಗರೀಟ್ ಡುನಿಟ್ಜ್-ಶೇರ್ ಮತ್ತು ಪೀಟರ್ ಶೇರ್ ಈ ವಿಷಯದಲ್ಲಿ ಹೆಸರಾದವರು. ಮಕ್ಕಳನ್ನೆಲ್ಲ ಜಮಖಾನೆಯ ಮೇಲೆ ಬಿಟ್ಟು, ಸುತ್ತಲೂ ತಿನಿಸುಗಳನ್ನು ಹರಡಿ, ಯಾರೂ ಯಾರಿಗೂ ತಿನ್ನಿಸದೆ ಮಕ್ಕಳು ಚೆಲ್ಲಾಡಿ ಮುಟ್ಟಿ ಆಡುವುದನ್ನೇ ಅವರು ಚಿಕಿತ್ಸೆಯಾಗಿಸಿದರು. ಜೊತೆಗೆ ನಳಿಕೆಯ ಹಾಲನ್ನು ಕೆಲವೇ ದಿನಗಳಲ್ಲಿ ಬೇಗಬೇಗನೆ ಇಳಿಸುತ್ತಾರೆ. ಜಮಖಾನೆಯ ಆಟವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬೇಗಬೇಗನೆ ಇಳಿಸುವುದು ಮಾತ್ರ ದಿನವೂ ತೂಗಿ ನೋಡುವ ವೈದ್ಯರು ಪಕ್ಕದಲ್ಲಿಯೇ ಇರುವ ಕಡೆಗೆ ಹೇಳಿದ್ದು. ರಾಯಚೂರಿಗೆ ಹೋಗಿ ಬರಲು ಒಂದು ದಿನ ಕಳೆಯುವ ಮುಕ್ಕುಂದಕ್ಕೆ ಅದು ತಕ್ಕುದಲ್ಲ. ನಮ್ಮ ವೈದ್ಯರೂ ನಿಧಾನದ ದಾರಿಯನ್ನೇ ಆರಿಸಿದರು: ಮೊದಲು ರಾತ್ರಿಯ ಒಂದು ಸಲದ್ದು ನಿಂತಿತು, ಆಮೇಲೆ ಬೆಳಗಿನದನ್ನು ಅರ್ಧ ಮಾಡಿದರು. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಕ. ಇಂತಿಷ್ಟಕ್ಕಿಂತ ಇಳಿದರೆ, ಮೂತ್ರ ಕಡಿಮೆಯಾದರೆ ಕೂಡಲೇ ಫೋನು ಮಾಡಬೇಕೆಂದು ಬರೆದುಕೊಟ್ಟಿದ್ದರು. ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಕೂಸಿದ್ದರೆ ದಯವಿಟ್ಟು ಕೇಳಿ: ಹಸಿವೆಯಾಗಲೆಂದು ನಳಿಕೆಯ ಹಾಲನ್ನು ನೀವೇ ನಿಲ್ಲಿಸಬೇಡಿ. ಕುಡಿದಾಗ ಕೆಮ್ಮು, ದನಿ ನೀರು ತುಂಬಿದಂತಾಗುವುದು, ಮೇಲಿಂದ ಮೇಲೆ ನ್ಯುಮೋನಿಯಾ ಬರುವುದು, ಇವೆಲ್ಲ ತುತ್ತು ಶ್ವಾಸಕೋಶಕ್ಕೆ ಜಾರುತ್ತಿರುವ ಸೂಚನೆಗಳು. ಅಂಥ ಕೂಸಿಗೆ ಆಟದ ನೆವದಲ್ಲಿಯೂ ಬಾಯಿಗೆ ಕೊಡುವಂತಿಲ್ಲ. ನಮ್ಮ ಕೂಸಿನಂತೆ ಕರುಳನ್ನು ಜೋಡಿಸಿದವರಿಗೆ ಆಹಾರ ಹೆಚ್ಚಾಗಿ ತನ್ನ ಭಾರದಿಂದಲೇ ಕೆಳಗಿಳಿಯಬೇಕು; ನೆಟ್ಟಗೆ ಕೂಡಿಸಿ ಉಣ್ಣಿಸಬೇಕು, ಉಂಡ ಮೇಲೂ ಒಂದಷ್ಟು ಹೊತ್ತು ಮಲಗಿಸಬಾರದು. ಜೋಡಣೆಯ ಜಾಗ ಕಿರಿದಾಗುವುದೂ ಉಂಟು, ಆಗ ಅದನ್ನು ಹಿಗ್ಗಿಸಬೇಕಾಗುತ್ತದೆ. ಇನ್ನು ಶೇಂಗಾ, ಪುಟಾಣಿ, ಕಡಲೆಗಳನ್ನು ನಾಲ್ಕೈದು ವರ್ಷದವರೆಗೆ ಯಾವ ಮಗುವಿನ ಕೈಗೂ ಇಡಿಯಾಗಿ ಕೊಡಬೇಡಿ. ನಮ್ಮ ಕಡೆಯ ಕೂಸುಗಳ ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವುದು ಅವೇ.

ಕೂಸಿಗೆ ಬಿಟ್ಟುಕೊಟ್ಟರೆ ಅದು ತನಗೆ ಬೇಕಾದಷ್ಟು ತಿನ್ನುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ 1920ರ ದಶಕದ ಕೊನೆಯಲ್ಲಿ ಹಾಲು ಬಿಡುವ ವಯಸ್ಸಿನ 15 ಕೂಸುಗಳ ಮುಂದೆ 34 ಬಗೆಯ ಆಹಾರಗಳನ್ನು ಸರದಿಯಂತೆ ಇಟ್ಟು, ಯಾರೂ ಒತ್ತಾಯಿಸದಂತೆ, ತೋರಿಸಿ ಆಸೆ ಹುಟ್ಟಿಸದಂತೆ ಏರ್ಪಡಿಸಿದರು. ಕೂಸುಗಳು ಒಮ್ಮೊಮ್ಮೆ ವಿಚಿತ್ರವಾಗಿ ತಿಂದವು, ಒಟ್ಟಿನಲ್ಲಿ ಚೆನ್ನಾಗಿಯೇ ಬೆಳೆದವು. ಇದನ್ನು ಹಿಡಿದು, ಮಕ್ಕಳು ಕೇಳಿದ ಕುರುಕುಲನ್ನೆಲ್ಲ ಕೊಡಬಹುದೆಂದು ವಾದಿಸುವವರುಂಟು. ಆ 34ರಲ್ಲಿ ಸಕ್ಕರೆಯ ಮಿಠಾಯಿ ಒಂದೂ ಇರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಗುಟ್ಟು ಆ ಪಟ್ಟಿಯಲ್ಲಿದೆಯೆಂದು ಡೇವಿಸ್ ತಾವೇ ಹೇಳಿದ್ದರು. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ಪಾಲು. ಎಷ್ಟು, ತಿನ್ನಬೇಕೋ ಬೇಡವೋ ಎಂಬುದು ಕೂಸಿನ ಪಾಲು ಎಂದು ಎಲಿನ್ ಸ್ಯಾಟರ್ ಎಂಬಾಕೆ ಮಾಡಿದ ಹಂಚಿಕೆ ನನಗೆ ಬಹಳ ಸರಿಯೆನಿಸುತ್ತದೆ. ನಾವು ಮಾಡುವುದು ಇದರ ತಿರುಗುಮುರುಗು: ಏನು ಬೇಕೆಂದು ಕೂಸನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ನಿಮಗೆ ನೆನಪಿರಬಹುದು, ಶಾಲೆಯ ಪಡಸಾಲೆಯಲ್ಲಿ ಸಾಲು ಹಿಡಿದು ಕೂರುತ್ತಿದ್ದಿರಿ. "ಮನ್ಯಾಗ ಒಂದು ತುತ್ತು ತಿನ್ನಂಗಿಲ್ಲ ಸಾರ್" ಎಂದು ತಾಯಂದಿರು ದೂರುತ್ತಿದ್ದ ಹುಡುಗರು ಅಲ್ಲಿ ಎರಡನೆಯ ಸಲ ಕೈ ಒಡ್ಡುತ್ತಿದ್ದರು. ಅಲ್ಲಿ ಯಾರೂ ಅವರ ಬಾಯಿಯನ್ನೇ ದಿಟ್ಟಿಸುತ್ತಿರಲಿಲ್ಲ. ಪಕ್ಕದವನು ಉಣ್ಣುತ್ತಿದ್ದ, ಇವನೂ ಉಂಡ, ಅಷ್ಟೇ. ಸಾರಿನಲ್ಲಿದ್ದ ಕರಿಬೇವನ್ನು ಸಾಲಾಗಿ ತಟ್ಟೆಯಂಚಿಗೆ ಜೋಡಿಸುತ್ತಿದ್ದವರ ಹೆಸರುಗಳೂ ನನಗೆ ನೆನಪಿವೆ, ಬರೆಯುವುದಿಲ್ಲ.

ಆದ್ದರಿಂದಲೇ ಕೂಸನ್ನು ಅಂಗನವಾಡಿಗೆ ಕಳುಹಿಸಬೇಕೆಂದು ನಾನು ಹಟ ಹಿಡಿದೆ. ಹೊಟ್ಟೆಯಲ್ಲಿ ನಳಿಕೆಯಿರುವ ಮಗುವನ್ನು ಕೂಡಿಸಿಕೊಳ್ಳಲು ಅಲ್ಲಿಯವರು ಮೊದಲು ಹೆದರಿದರು. ಹೆದರಿದ್ದು ತಪ್ಪಲ್ಲ, ಅವರಿಗೆ ಯಾರೂ ಏನನ್ನೂ ತಿಳಿಸಿಕೊಟ್ಟಿಲ್ಲ. ತಾಯಿಯೇ ಒಂದು ವಾರ ಜೊತೆಗೆ ಕೂತು, ಅಂಗಿಯ ಒಳಗೆ ನಳಿಕೆ ಹೇಗೆ ಭದ್ರವಾಗಿರುತ್ತದೆಂದು ತೋರಿಸಿದಳು. ಈಗ ಅಲ್ಲಿಯ ಸಹಾಯಕಿಯೇ ಬೇರೆಯವರಿಗೆ ವಿವರಿಸುತ್ತಾಳೆ.

ಸರ್ಕಾರಕ್ಕೆ ನಾನು ಹೇಳಬೇಕಾದ ಮಾತು ದೊಡ್ಡದೇನಲ್ಲ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷ, ಕಾಯಿಲೆ, ಬೆಳವಣಿಗೆಯ ಕೊರತೆಗಳನ್ನು ಬೇಗನೆ ಗುರುತಿಸಿ ಚಿಕಿತ್ಸೆ ಕೊಡಿಸಲೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿತು. ಜಿಲ್ಲೆಗೊಂದು ಶೀಘ್ರ ಮಧ್ಯಸ್ಥಿಕೆ ಕೇಂದ್ರವೆಂಬುದು ಅದರ ಕಲ್ಪನೆ. ವಾಕ್ ಚಿಕಿತ್ಸಕರೂ ಅದರಲ್ಲಿ ಇರಬೇಕೆಂದಿದೆ. ಕಲ್ಪನೆ ಉತ್ತಮವಾದದ್ದು. ಆದರೆ ನಾಟಿಯ ಹಂಗಾಮಿನಲ್ಲಿ, ಕಾಲುವೆಗೆ ನೀರು ಬಿಟ್ಟ ವಾರದಲ್ಲಿ, ಕೂಲಿ ಬಿಟ್ಟು ಕೂಸನ್ನೆತ್ತಿಕೊಂಡು ಜಿಲ್ಲಾ ಕೇಂದ್ರಕ್ಕೆ ಯಾವ ತಾಯಿ ಎಷ್ಟು ಸಲ ಹೋದಾಳು? ತಿಂಗಳಿಗೆ ಎರಡು ದಿನವಾದರೂ ಅಂಥ ಚಿಕಿತ್ಸಕರು ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಲಿ. ನಳಿಕೆ ಇಟ್ಟು ಮನೆಗೆ ಕಳುಹಿಸುವ ಪ್ರತಿಯೊಂದು ಆಸ್ಪತ್ರೆಯೂ, ಅದನ್ನು ತೆಗೆಯುವ ದಿನದ ದಾರಿಯನ್ನು ಆ ದಿನವೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಲಿ.

ಬಂಧುಗಳಿಗೆ ಹೇಳುವುದು ಇದಕ್ಕಿಂತ ಕಷ್ಟ. ರಾಯಚೂರು ಜಿಲ್ಲೆಯ ಹೆಸರು 2011ರಲ್ಲಿ ಮಕ್ಕಳ ಅಪೌಷ್ಟಿಕತೆಯ ಸುದ್ದಿಯಾಗಿ ರಾಜ್ಯದ ತುಂಬ ಹರಡಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯೂ ಆಯಿತು. ಅಂದಿನಿಂದ ತೆಳ್ಳಗಿನ ಕೂಸನ್ನು ಕಂಡರೆ ನಮ್ಮವರ ಕಣ್ಣು ಮೊದಲು ತಾಯಿಯ ಕಡೆಗೆ ಹೊರಳುತ್ತದೆ. ಕಳೆದ ಮದುವೆಯ ಪಂಕ್ತಿಯಲ್ಲಿ ಒಬ್ಬರು "ನೀ ಸರಿಯಾಗಿ ಹಾಕಂಗಿಲ್ಲೇನವಾ?" ಎಂದು ನಮ್ಮ ಹುಡುಗಿಯನ್ನು ಹತ್ತು ಜನರ ಮುಂದೆ ಕೇಳಿದರು, ಇನ್ನೊಬ್ಬರು ಕೂಸಿನ ಗದ್ದ ಹಿಡಿದು ಬೂಂದಿಯುಂಡೆ ತುರುಕಲು ಹೋದರು. ಪ್ರೀತಿಯಿಂದಲೇ. ಆ ರಾತ್ರಿಯಿಂದ ಹನ್ನೊಂದು ದಿನ ಕೂಸು ಬಾಯಿಗೆ ಕೈಯನ್ನೂ ಒಯ್ಯಲಿಲ್ಲ. ಹುಡುಗಿ ನನ್ನ ಬಳಿ ಬಂದು, "ಮಾವಾ, ನಾ ಇನ್ನ ಯಾವ ಮದುವಿಗೂ ಬರಂಗಿಲ್ಲ" ಎಂದಳು. ಬರುವ ಚೈತ್ರದಲ್ಲಿ ತಂಗಿಯ ಕಿರಿಯ ಮಗನ ಮದುವೆ, ನೀವೆಲ್ಲ ಬರುವವರು. ಕೂಸಿನ ಬಳಿ ಕೂತು ನಿಮ್ಮ ಊಟ ನೀವು ಉಣ್ಣಿ. ಅದರ ತಟ್ಟೆಯ ಕಡೆ ನೋಡಬೇಡಿ. ಅದು ನಿಮ್ಮ ಎಲೆಗೆ ಕೈ ಹಾಕಿದರೆ ಹಾಕಲಿ ಬಿಡಿ. ತಾಯಿಯೊಡನೆ ಊಟವೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾತನಾಡಿ. ಅವಳು ಹೊಲಿಗೆ ಕಲಿಯುತ್ತಿದ್ದಾಳೆ, ಅದನ್ನು ಕೇಳಿ.

ಈಗ ಕೂಸಿಗೆ ಎರಡೂವರೆ ವರ್ಷ. ಹೊಟ್ಟೆಯ ನಳಿಕೆ ಇನ್ನೂ ಇದೆ. ದಿನಕ್ಕೆ ಎರಡು ಸಲ ಅದರಿಂದ ಹಾಲು ಹೋಗುತ್ತದೆ. ಮೆತ್ತಗೆ ನಾದಿದ ಜೋಳದ ನುಚ್ಚು, ಮಜ್ಜಿಗೆ, ನೀರಿನಲ್ಲಿ ನೆನೆದ ಮಂಡಾಳು, ಬೇಳೆಕಟ್ಟು, ಪುಂಡಿಪಲ್ಯ ಬಾಯಿಂದ. ಹೋದ ವಾರ ಮಧ್ಯಾಹ್ನ ಆಡುತ್ತಿದ್ದದ್ದು ಎದ್ದು ಬಂದು ಅಜ್ಜಿಯ ಸೆರಗು ಎಳೆದು ಒಲೆಯ ಕಡೆ ಬೆರಳು ತೋರಿಸಿತಂತೆ. ತಂಗಿ ಬುಟ್ಟಿಯಿಂದ ಅರ್ಧ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ತಟ್ಟೆಯನ್ನು ಅದರ ಮುಂದಿಟ್ಟು, ತಾನು ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತ ಕೂತಳಂತೆ. ಮುಂದಿನ ತಿಂಗಳು ಬೆಂಗಳೂರಿಗೆ ತೋರಿಸಲು ಹೋಗಬೇಕು.